ನಾಯಕ ಸತ್ತ ಮಾತ್ರಕ್ಕೆ ರುದ್ರನಾಟಕ ಆಗುವುದಿಲ್ಲ

"ಇದು ಒಂದು ದುರಂತ ನಾಟಕ. ಏಕೆಂದರೆ ಕೊನೆಯಲ್ಲಿ ನಾಯಕ ಸಾಯುತ್ತಾನೆ." ಪದವಿ ತರಗತಿಯ ಅಸೈನ್‌ಮೆಂಟುಗಳ ಕಟ್ಟು ಬಿಚ್ಚಿದರೆ ಈ ಎರಡು ವಾಕ್ಯ ಸಿಕ್ಕೇ ಸಿಗುತ್ತವೆ. ಮಂಡ್ಯದ ಮಕ್ಕಳು ಬರೆದರೂ ಅದೇ, ಮೈಸೂರಿನ ಮಕ್ಕಳು ಬರೆದರೂ ಅದೇ. ಆಮೇಲೆ ಮೂರು ಪುಟ ಕತೆ. ಕೊನೆಗೆ "ಹೀಗೆ ನಾಟಕವು ಮನೋಜ್ಞವಾಗಿ ಮೂಡಿಬಂದಿದೆ" ಎಂದು ಷರಾ. ಮುಗೀತು.

ಸಾಯುವುದೇ ಲೆಕ್ಕ ಅನ್ನುವುದಾದರೆ ಬಕಾಸುರನೂ ಸಾಯುತ್ತಾನೆ, ಕೀಚಕನೂ ಸಾಯುತ್ತಾನೆ. ಬಕಾಸುರ ಸತ್ತ ಅಂತ ಯಾರಾದರೂ ಕಣ್ಣೊರೆಸಿಕೊಂಡಿದ್ದು ಉಂಟಾ? ಅದೇ ಭೀಮನ ಕೈಯಲ್ಲಿ ತೊಡೆ ಮುರಿಸಿಕೊಂಡು ಬಿದ್ದ ದುರ್ಯೋಧನನ ಮುಂದೆ ಮಾತ್ರ ನಮ್ಮ ಜನ ಸುಮ್ಮನಾಗಿಬಿಡುತ್ತಾರೆ. ಕೊಂದವನು ಒಬ್ಬನೇ, ಸಾವೂ ಸಾವೇ. ಆದರೂ ಒಂದಕ್ಕೆ ಚಪ್ಪಾಳೆ, ಇನ್ನೊಂದಕ್ಕೆ ಸಂಕಟ. ಈ ವ್ಯತ್ಯಾಸ ಯಾಕೆ ಅಂತ ಹೇಳಲು ಬಂದರೆ ರುದ್ರನಾಟಕ, ಅಂದರೆ ಇಂಗ್ಲಿಷಿನ 'ಟ್ರ್ಯಾಜಿಡಿ', ಅರ್ಥವಾದ ಹಾಗೆ. ಹೇಳಲು ಬಾರದಿದ್ದರೆ ಎಷ್ಟು ಪುಟ ಬರೆದರೂ ಅದು ಕತೆಯ ನಕಲು ಅಷ್ಟೇ.

ಮಂಡ್ಯ ಸೀಮೆಯಲ್ಲಿ ಹುಟ್ಟಿದ ಮಕ್ಕಳಿಗೆ ಇದನ್ನು ಹೊರಗಿನಿಂದ ತಂದು ಕಲಿಸಬೇಕಾಗಿಯೇ ಇಲ್ಲ. ಇಲ್ಲಿನ ಹಳ್ಳಿಗಳಲ್ಲಿ 'ಕುರುಕ್ಷೇತ್ರ' ಆಡುವುದು ಈಗಲೂ ನಡೆದಿದೆ. ಸೀನರಿ ಬಾಡಿಗೆಗೆ ಬರುತ್ತದೆ. ಹಾರ್ಮೋನಿಯಂ ಮೇಷ್ಟ್ರು ತಿಂಗಳುಗಟ್ಟಲೆ ತಾಲೀಮು ಕೊಡುತ್ತಾರೆ. ಪಾತ್ರ ಹಾಕುವವರೇ ಕೈಯಿಂದ ದುಡ್ಡು ಹಾಕುತ್ತಾರೆ. ಯಾವ ಪಾತ್ರಕ್ಕೆ ಪೈಪೋಟಿ ಜಾಸ್ತಿ? ಧರ್ಮರಾಯನಿಗಂತೂ ಅಲ್ಲ. ದುರ್ಯೋಧನನ ಪಾತ್ರ ಅಂದರೆ ಅದರ ಖದರೇ ಬೇರೆ. ಅವನ ಎಂಟ್ರಿಗೆ ಶಿಳ್ಳೆ, ಅವನ ಹಾಡಿಗೆ ಒನ್ಸ್ ಮೋರ್. ಸೀನಿನ ನಡುವೆಯೇ ನೆಂಟರು ಸ್ಟೇಜ್ ಹತ್ತಿ ಹಾರ ಹಾಕುತ್ತಾರೆ. ಅಷ್ಟು ಹೊತ್ತು ಎದುರಿಗಿರುವ ಕೃಷ್ಣ ಸುಮ್ನೆ ನಿಂತಿರಬೇಕು, ಪಾಪ.

ಈ ಶಿಳ್ಳೆ ಹೊಡೆಯುವವರಲ್ಲಿ ಒಬ್ಬರಿಗೂ ದುರ್ಯೋಧನ ಗೆಲ್ಲುತ್ತಾನೆ ಅನ್ನುವ ಭ್ರಮೆ ಇಲ್ಲ. ಅವನು ದ್ರೌಪದಿಯನ್ನು ಸಭೆಗೆ ಎಳೆಸಿದ್ದು ಸರಿ ಎಂದು ಕೂಡ ಯಾರೂ ಹೇಳುವುದಿಲ್ಲ. ತಪ್ಪು ಗೊತ್ತು, ಸೋಲೂ ಗೊತ್ತು. ಆದರೂ ಬೆಳಗಿನ ಜಾವದವರೆಗೆ ಕೂತಿರುತ್ತಾರೆ. ಎರಡೂವರೆ ಸಾವಿರ ವರ್ಷದ ಹಿಂದೆ ಅಥೆನ್ಸ್ ಊರಿನಲ್ಲಿ ಡಯೊನೈಸಸ್ ದೇವರ ಜಾತ್ರೆಗೆ ನಾಟಕ ನೋಡಲು ಬಂದವರಿಗೂ ಕತೆಗಳು ಹೀಗೆಯೇ ಮೊದಲೇ ಗೊತ್ತಿದ್ದವು. ಮುಂದೇನಾಗುತ್ತದೆ ಅನ್ನುವ ಕುತೂಹಲ ರುದ್ರನಾಟಕದ ಬಂಡವಾಳ ಅಲ್ಲ. ಆಗುವುದು ಆಗೇ ಆಗುತ್ತದೆ ಎಂದು ಗೊತ್ತಿದ್ದೂ, ಈ ಮನುಷ್ಯ ಯಾಕೆ ಅಲ್ಲಿಗೇ ನಡೆದುಕೊಂಡು ಹೋದ ಅನ್ನುವುದೇ ಬಂಡವಾಳ.

ಅಂಥ ನಾಟಕಗಳನ್ನು ನೋಡಿ, ಓದಿ, ಅವು ಹೇಗೆ ಕೆಲಸ ಮಾಡುತ್ತವೆ ಎಂದು ಬರೆದಿಟ್ಟವನು ಅರಿಸ್ಟಾಟಲ್. ಕ್ರಿಸ್ತಪೂರ್ವ ನಾಲ್ಕನೇ ಶತಮಾನದವನು. ಅವನ ಮಾತನ್ನು ಗೈಡುಗಳು ಬಹಳ ಕೆಡಿಸಿವೆ, ಹಾಗಾಗಿ ನೇರವಾಗಿ ನೋಡೋಣ. ಪೂರ್ತಿ ಒಳ್ಳೆಯವನು ಹಾಳಾದರೆ ನಮಗೆ ಅಸಹ್ಯವಾಗುತ್ತದೆ, ಇದೆಂಥ ಅನ್ಯಾಯ ಅನ್ನಿಸುತ್ತದೆ. ಪೂರ್ತಿ ಕೆಟ್ಟವನು ಹಾಳಾದರೆ ತಕ್ಕ ಶಾಸ್ತಿ ಅನ್ನಿಸುತ್ತದೆ. ಎರಡರಲ್ಲೂ ಮರುಕ ಇಲ್ಲ, ಭಯವೂ ಇಲ್ಲ. ಇವರಿಬ್ಬರ ನಡುವಿನವನು ಬೇಕು. ದೊಡ್ಡ ಹೆಸರಿನವನು, ನಮ್ಮಂಥವನೇ. ಅವನು ನೀಚತನದಿಂದ ಕೆಡುವುದಿಲ್ಲ, ಒಂದು ತಪ್ಪು ಹೆಜ್ಜೆಯಿಂದ ಕೆಡುತ್ತಾನೆ. ಆ ತಪ್ಪು ಹೆಜ್ಜೆಗೆ ಅವನು 'ಹಮಾರ್ಷಿಯಾ' ಅಂದ. ನಮ್ಮ ಮಕ್ಕಳು ಇದನ್ನು 'ನಾಯಕನ ದುರ್ಗುಣ' ಎಂದು ಬರೆದು ಮುಂದೆ ಹೋಗುತ್ತಾರೆ. ಎಡವಟ್ಟು ಆಗುವುದೇ ಇಲ್ಲಿ. ದುರ್ಗುಣ ಹುಡುಕಲು ಹೊರಟರೆ ನಾಟಕ ನೀತಿಪಾಠ ಆಗಿಬಿಡುತ್ತದೆ: ಹಠ ಮಾಡಬಾರದು, ಕೋಪ ಮಾಡಬಾರದು, ಇತ್ಯಾದಿ.

ಹಾಗಾದರೆ ಏನು ಹುಡುಕಬೇಕು? ಹಿಂದಕ್ಕೆ ತಿರುಗಬಹುದಾಗಿದ್ದ ಒಂದು ಗಳಿಗೆ. ಅಲ್ಲಿ ಅವನನ್ನು ತಿರುಗದ ಹಾಗೆ ಹಿಡಿದಿದ್ದು ಯಾವುದು ಎಂದು ನೋಡಬೇಕು. ಒಳ್ಳೆಯ ರುದ್ರನಾಟಕದಲ್ಲಿ ನಾವು ಅವನಲ್ಲಿ ಯಾವ ಗುಣವನ್ನು ಮೆಚ್ಚುತ್ತೇವೋ, ಅವನನ್ನು ಹಾಗೆ ಹಿಡಿದಿಟ್ಟಿದ್ದೂ ಆ ಗುಣವೇ. ಈ ಲೇಖನದಲ್ಲಿ ನಾನು ಹೇಳಬೇಕಾದ್ದು ಮುಖ್ಯವಾಗಿ ಇಷ್ಟೇ.

ಅಂಥ ಗಳಿಗೆಯನ್ನು ರನ್ನನಷ್ಟು ಸ್ಪಷ್ಟವಾಗಿ ತೋರಿಸಿದವರು ಕಡಿಮೆ. ಹತ್ತನೇ ಶತಮಾನದ ಕೊನೆಯ ಹೊತ್ತಿಗೆ ಬರೆದ ಕವಿ. ಅವನ 'ಗದಾಯುದ್ಧ' ನಾಟಕ ಅಲ್ಲ, ಗದ್ಯ ಪದ್ಯ ಬೆರೆತ ಚಂಪೂ ಕಾವ್ಯ. ಆದರೆ ಓದುತ್ತಾ ಹೋದರೆ ಕಣ್ಣ ಮುಂದೆ ರಂಗವೇ ಕಾಣುತ್ತದೆ. ಯುದ್ಧ ಮುಗಿಯುತ್ತಾ ಬಂದಿದೆ. ದುರ್ಯೋಧನ ಸಂಜಯನ ಜೊತೆ ಹೆಣಗಳ ನಡುವೆ ನಡೆಯುತ್ತಾನೆ. ಗುರು ದ್ರೋಣ ಬಿದ್ದಿದ್ದಾನೆ. ಮಗ ಲಕ್ಷಣಕುಮಾರ ಬಿದ್ದಿದ್ದಾನೆ. ತಮ್ಮ ದುಶ್ಶಾಸನ ಬಿದ್ದಿದ್ದಾನೆ. ಶತ್ರುವಿನ ಮಗ ಅಭಿಮನ್ಯು ಬಿದ್ದಿದ್ದಾನೆ. ಅವನ ಮುಂದೆಯೂ ನಿಂತು, ನಿನ್ನ ಸಾಹಸದಲ್ಲಿ ಒಂದು ಪಾಲಾದರೂ ಇರುವಂಥ ಸಾವು ನಮಗೆ ಬರಲಿ ಎಂದು ಬೇಡಿಕೊಳ್ಳುತ್ತಾನೆ. ಆಮೇಲೆ ಕರ್ಣ. ಕರ್ಣ ಯಾರ ಮಗ ಎಂದು ತನಗೆ ಗೊತ್ತಿತ್ತು ಎಂದು ದುರ್ಯೋಧನ ಹೆಣದ ಮುಂದೆ ಬಾಯಿಬಿಟ್ಟು ಹೇಳುವ ಪದ್ಯ ಕನ್ನಡ ಓದಿದ ಎಲ್ಲರಿಗೂ ಗೊತ್ತು.

ಈ ಹೊತ್ತಿನಲ್ಲಿ ಶರಶಯ್ಯೆಯ ಮೇಲಿದ್ದ ಭೀಷ್ಮ ಸಂಧಿ ಮಾಡಿಕೋ ಅನ್ನುತ್ತಾನೆ. ಹಿಂದಕ್ಕೆ ತಿರುಗುವ ಬಾಗಿಲು ಇನ್ನೂ ತೆರೆದಿದೆ. ದುರ್ಯೋಧನನ ಉತ್ತರ ಹೀಗೆ ಶುರುವಾಗುತ್ತದೆ: "ನೆಲಕಿರಿವೆನೆಂದು ಬಗೆದಿರೆ, ಛಲಕಿರಿವೆಂ." ನಾನು ಹೋರಾಡುತ್ತಿರುವುದು ನೆಲಕ್ಕೆ ಅಂದುಕೊಂಡಿರಾ? ಛಲಕ್ಕೆ. ಅಷ್ಟಕ್ಕೇ ನಿಂತಿದ್ದರೆ ಇದು ಬರೀ ಹಠಮಾರಿಯ ಮಾತು. ಮುಂದಿನ ಮಾತೇ ಜೀವಾಳ. ಕರ್ಣನನ್ನು ಕೊಲ್ಲಿಸಿದ ಈ ನೆಲ ನನಗೆ ಪಾಳು ನೆಲ, ಇದರ ಜೊತೆ ನಾನು ಮತ್ತೆ ಬಾಳುವೆ ಮಾಡಲಾ ಎಂದು ಕೇಳುತ್ತಾನೆ.

ಈ ಮಾತನ್ನು ಇನ್ನೊಮ್ಮೆ ಓದಿ. ಅವನು ಸಂಧಿ ಬೇಡ ಅನ್ನುತ್ತಿರುವುದು ದುರಾಸೆಗಲ್ಲ. ರಾಜ್ಯ ಈಗ ಅವನಿಗೆ ಬೇಕಾಗೇ ಇಲ್ಲ. ಸ್ನೇಹಿತ ಹೋದ ಮೇಲೆ ಬದುಕಿ ಉಳಿಯುವುದು ಅವನಿಗೆ ದ್ರೋಹ ಅನ್ನಿಸುತ್ತಿದೆ. ಕರ್ಣನ ಮೇಲಿನ ಆ ಪ್ರೀತಿಯನ್ನು ನಾವು ಮೆಚ್ಚುತ್ತೇವಲ್ಲ? ಅವನನ್ನು ಸಾವಿನ ಕಡೆ ತಳ್ಳುತ್ತಿರುವುದೂ ಅದೇ. ಛಲವನ್ನು ತೆಗೆದುಹಾಕಿ, ದುರ್ಯೋಧನ ಬದುಕುತ್ತಾನೆ. ಆದರೆ ಆಗ ಅವನು ದುರ್ಯೋಧನ ಆಗಿರುವುದಿಲ್ಲ. ರನ್ನನಿಗಿಂತ ಮುಂಚಿನ ಪಂಪ ತನ್ನ ಕಾವ್ಯದ ಕೊನೆಯಲ್ಲಿ ಒಬ್ಬೊಬ್ಬರನ್ನು ಒಂದೊಂದು ಗುಣಕ್ಕೆ ನೆನೆಯುತ್ತಾ "ಛಲದೊಳ್ ದುರ್ಯೋಧನಂ" ಎಂದು ಶುರು ಮಾಡಿದ್ದ. ಅದು ಬೈಗುಳ ಅಲ್ಲ, ಹೊಗಳಿಕೆ.

ಇಲ್ಲಿ ಚುರುಕಾದ ವಿದ್ಯಾರ್ಥಿ ಒಂದು ಪ್ರಶ್ನೆ ಎತ್ತಬೇಕು. ಅರಗಿನ ಮನೆಯಲ್ಲಿ ಪಾಂಡವರನ್ನು ಸುಡಿಸಲು ನೋಡಿದವನು, ಪಗಡೆಯಲ್ಲಿ ಮೋಸ ಮಾಡಿಸಿದವನು, ತುಂಬಿದ ಸಭೆಯಲ್ಲಿ ಹೆಣ್ಣನ್ನು ಎಳೆಸಿದವನು 'ನಡುವಿನವನು' ಹೇಗಾಗುತ್ತಾನೆ? ಸರಿಯಾದ ಪ್ರಶ್ನೆ. ಉತ್ತರ ಇರುವುದು ಕವಿ ಕತೆಯನ್ನು ಎಲ್ಲಿಂದ ಶುರು ಮಾಡಿದ ಅನ್ನುವುದರಲ್ಲಿ. ಜೂಜಿನ ಸಭೆಯಿಂದ ಶುರು ಮಾಡಿದರೆ ದುರ್ಯೋಧನ ಖಳ, ಬೇರೆ ದಾರಿಯೇ ಇಲ್ಲ. ಯುದ್ಧದ ಕೊನೆಯಿಂದ ಶುರು ಮಾಡಿದರೆ ನಮ್ಮ ಕಣ್ಣಿಗೆ ಮೊದಲು ಬೀಳುವುದು ಎಲ್ಲ ಕಳೆದುಕೊಂಡ ಒಬ್ಬ ಮನುಷ್ಯ. ರನ್ನ ಹಳೆಯ ತಪ್ಪುಗಳನ್ನು ಮುಚ್ಚಿಡುವುದಿಲ್ಲ. ಸಿಂಹಾವಲೋಕನ ಕ್ರಮ ಎಂದು ತಾನೇ ಹೇಳಿಕೊಂಡು, ಹಿಂದಿನದನ್ನೆಲ್ಲ ತಿರುಗಿ ನೋಡುತ್ತಾ ಹೇಳುತ್ತಾನೆ. ಆದರೆ ಅವು ನೆನಪಾಗಿ ಬರುತ್ತವೆ, ಕಣ್ಣ ಮುಂದೆ ನಡೆಯುವುದಿಲ್ಲ. ಗ್ರೀಕ್ ನಾಟಕಕಾರ ಸೊಫೊಕ್ಲಿಸನ 'ಈಡಿಪಸ್' ನಾಟಕದಲ್ಲೂ ಇದೇ ಏರ್ಪಾಟು. ಅಪ್ಪನನ್ನು ಕೊಂದಿದ್ದು, ತಾಯಿಯನ್ನು ಮದುವೆಯಾಗಿದ್ದು ಎಲ್ಲ ಹಿಂದೆಯೇ ಮುಗಿದಿದೆ. ಪರದೆ ಎದ್ದಾಗ ಕಾಣುವುದು ಊರಿಗೆ ಬಂದ ಪಿಡುಗಿಗೆ ಕಾರಣ ಹುಡುಕುತ್ತಿರುವ ಕಾಳಜಿಯ ರಾಜ.

ಅಂದಮೇಲೆ ಪ್ರಬಂಧದಲ್ಲಿ ಮೊದಲಿನಿಂದ ಕತೆ ಹೇಳುವುದು ಎಷ್ಟು ದೊಡ್ಡ ತಪ್ಪು ನೋಡಿ. ಕವಿ ಬೇಕೆಂದೇ ಕೊನೆಯಿಂದ ಹಿಡಿದ ಎಳೆಯನ್ನು ನಾವು ಬಿಚ್ಚಿ, "ಹಸ್ತಿನಾವತಿಯಲ್ಲಿ ಕೌರವರು ಪಾಂಡವರು ಎಂಬ ದಾಯಾದಿಗಳಿದ್ದರು" ಎಂದು ಶುರು ಮಾಡಿದರೆ ಅವನು ಮಾಡಿದ ಕೆಲಸವನ್ನೆಲ್ಲ ಅಳಿಸಿದ ಹಾಗಾಯಿತು.

ಗದಾಯುದ್ಧದ ಬಗ್ಗೆ ಹಳೆಯ ಜಗಳವೊಂದಿದೆ: ಇದರ ನಾಯಕ ಯಾರು? ರನ್ನ ತನ್ನ ರಾಜ ಸತ್ಯಾಶ್ರಯನನ್ನು ಭೀಮನಿಗೆ ಹೋಲಿಸಿ ಬರೆದ. ಕಾವ್ಯಕ್ಕೆ 'ಸಾಹಸಭೀಮ ವಿಜಯ' ಅನ್ನುವ ಹೆಸರೂ ಇದೆ. ಲೆಕ್ಕಪ್ರಕಾರ ಭೀಮನೇ ನಾಯಕ. ಓದಿದವರ ಮನಸ್ಸು ಮಾತ್ರ ದುರ್ಯೋಧನನ ಹಿಂದೆ ಹೋಗುತ್ತದೆ. ನನ್ನ ಅಭಿಪ್ರಾಯ ಕೇಳಿದರೆ, ನಾಯಕ ಯಾರಾದರೂ ಇರಲಿ, ಕವಿಯ ಗಮನ ಯಾರ ಮೇಲೆ ಹೆಚ್ಚು ಹೊತ್ತು ನಿಂತಿದೆ ಎಂದು ನೋಡಿದರೆ ಸಾಕು. ಆದರೆ ಪರೀಕ್ಷೆಯಲ್ಲಿ ಎರಡು ಕಡೆಯ ವಾದವನ್ನೂ ಬರೆಯಬೇಕು, ಅದು ಬೇರೆ ವಿಷಯ.

ಒಂದು ಪದ್ಯವನ್ನು ಹತ್ತಿರದಿಂದ ನೋಡೋಣ. ದುರ್ಯೋಧನ ವೈಶಂಪಾಯನ ಸರೋವರದಲ್ಲಿ ಅಡಗಿದ್ದಾನೆ. ದಡದಲ್ಲಿ ನಿಂತ ಭೀಮ ಗರ್ಜಿಸುತ್ತಾನೆ. ಆಗ: "ಕೋಪಾರುಣನೇತ್ರಂ ಕೇಳ್ದಾ ನೀರೊಳಗಿರ್ದುಂ ಬೆಮರ್ತನುರಗಪತಾಕಂ." ಹಾವಿನ ಬಾವುಟದವನು ನೀರಿನ ಒಳಗಿದ್ದೂ ಬೆವರಿದ. ಹೆಚ್ಚಿನವರು ಇದನ್ನು ಓದಿ "ದುರ್ಯೋಧನ ಹೆದರಿ ಬೆವರಿದ" ಎಂದು ಬರೆಯುತ್ತಾರೆ. ಪದ್ಯ ಹಾಗೆ ಹೇಳುತ್ತಿಲ್ಲ. ಬೆವರುವ ಮೊದಲೇ ಅವನ ಕಣ್ಣು ಕೋಪದಿಂದ ಕೆಂಪಾಗಿದೆ. ಬೆವರು ಸಿಟ್ಟಿನದು. ಅಡಗಿ ಕೂತಿದ್ದೇ ಅವನಿಗೆ ಹಿಡಿಸದ ಕೆಲಸ, ಭೀಷ್ಮನ ಮಾತಿಗೆ ಒಪ್ಪಿ ನೀರಿಗೆ ಇಳಿದಿದ್ದ. ಇಲ್ಲ, ಸಿಟ್ಟಿನ ಅಡಿಯಲ್ಲಿ ಭಯವೂ ಇತ್ತು ಎಂದು ನೀವು ವಾದಿಸುವುದಾದರೆ ವಾದಿಸಿ. ಆದರೆ 'ಕೋಪಾರುಣನೇತ್ರಂ' ಅನ್ನುವ ಪದವನ್ನು ದಾಟಿಕೊಂಡು ಹೋಗಬೇಡಿ. ಇಡೀ ಕಾವ್ಯದ ಬಗ್ಗೆ ಹತ್ತು ವಿಶೇಷಣ ಬರೆಯುವುದಕ್ಕಿಂತ ಒಂದು ಪದ್ಯದ ಎದುರು ಹೀಗೆ ಕೂತು ಬರೆದರೆ ಮಾರ್ಕ್ಸ್ ತಾನಾಗಿ ಬರುತ್ತದೆ.

ಇನ್ನೊಂದು ಗೊಂದಲ 'ಕಥಾರ್ಸಿಸ್' ಬಗ್ಗೆ. ರುದ್ರನಾಟಕ ನೋಡಿದವರ ಮನಸ್ಸಿನಲ್ಲಿ ಆಗುವುದಕ್ಕೆ ಅರಿಸ್ಟಾಟಲ್ ಬಳಸಿದ ಮಾತು ಇದು. "ಕಥಾರ್ಸಿಸ್ ಎಂದರೆ ನಮ್ಮ ಕರುಣ ರಸ" ಎಂದು ಸಲೀಸಾಗಿ ಬರೆದುಬಿಡುತ್ತಾರೆ. ಎರಡೂ ಬೇರೆ ಅಂಗಳದ ಮಾತು. ಕರುಣ ರಸ ಹುಟ್ಟುವುದು ಮತ್ತೆ ಬಾರದ ಹಾಗೆ ಏನನ್ನೋ ಕಳೆದುಕೊಂಡಾಗ. ಅದರ ಸ್ಥಾಯಿ ಭಾವ, ಅಂದರೆ ಬುಡದಲ್ಲಿ ನಿಂತಿರುವ ಭಾವ, ಶೋಕ. ಕಳೆದುಕೊಂಡವನದೇ ತಪ್ಪು ಇರಬೇಕು ಅನ್ನುವ ನಿಯಮ ಅಲ್ಲಿಲ್ಲ. ಮತ್ತೆ ಸೇರುವ ಆಸೆ ಉಳಿದಿದ್ದರೆ ಅದು ಕರುಣವೂ ಅಲ್ಲ, ವಿಪ್ರಲಂಭ ಶೃಂಗಾರ, ಅಂದರೆ ಅಗಲಿಕೆಯಲ್ಲಿರುವ ಪ್ರೀತಿ. ಮಂಡ್ಯ ಜಿಲ್ಲೆಯ ಮೇಲುಕೋಟೆಯವರಾದ ಪು.ತಿ.ನ. ಬರೆದ 'ಗೋಕುಲ ನಿರ್ಗಮನ' ನೋಡಿ. ಕೃಷ್ಣ ಗೋಕುಲ ಬಿಟ್ಟು ಹೋಗುತ್ತಾನೆ. ಎದೆ ಹಿಂಡುತ್ತದೆ. ಆದರೆ ಯಾರ ಕೈಯಿಂದಲೂ ಯಾರೂ ಕೆಡುವುದಿಲ್ಲ. ದುಃಖವಿದೆ, ರುದ್ರನಾಟಕವಲ್ಲ. ಕಥಾರ್ಸಿಸ್ ಅನ್ನುವುದು ಮರುಕ ಮತ್ತು ಭಯ ಎರಡೂ ಒಟ್ಟಿಗೆ ಕಲಕಿ ತಿಳಿಯಾಗುವುದಕ್ಕೆ ಸಂಬಂಧಿಸಿದ್ದು. ಅಯ್ಯೋ ಪಾಪ ಅನ್ನಿಸಿದರೆ ಸಾಲದು, ನಾನೂ ಹೀಗೇ ಮಾಡಿಬಿಡುತ್ತಿದ್ದೆನೇನೋ ಅನ್ನುವ ಹೆದರಿಕೆಯೂ ಬೇಕು.

ಹಾಗಂತ ಸಂಸ್ಕೃತದಲ್ಲಿ ಇಂಥ ನಾಟಕವೇ ಇಲ್ಲ ಅನ್ನಬೇಡಿ. ರಂಗದ ಮೇಲೆ ಸಾವು ತೋರಿಸಬಾರದು ಅನ್ನುವ ಕಟ್ಟಳೆ ಇದ್ದರೂ ಭಾಸನ 'ಊರುಭಂಗ'ದಲ್ಲಿ ದುರ್ಯೋಧನ ನಮ್ಮ ಎದುರೇ ಪ್ರಾಣ ಬಿಡುತ್ತಾನೆ. ಪುಟ್ಟ ಮಗ ದುರ್ಜಯ ಬಂದು ಅಪ್ಪನ ತೊಡೆಯ ಮೇಲೆ ಕೂರಲು ನೋಡುತ್ತಾನೆ. ತೊಡೆ ಮುರಿದಿದೆ. ಮಗನನ್ನು ಕೂರಿಸಿಕೊಳ್ಳಲು ಆಗುವುದಿಲ್ಲ. ಭೀಮನ ಗದೆಗಿಂತ ಈ ಏಟು ಜೋರು. ಅಷ್ಟೇ ಅಲ್ಲ, ಸೇಡಿಗೆ ಹಾತೊರೆಯುವ ಅಶ್ವತ್ಥಾಮನಿಗೆ ಈ ದುರ್ಯೋಧನ ತಾನು ಮಾಡಿದ್ದನ್ನೆಲ್ಲ ಎಣಿಸಿ ಹೇಳುತ್ತಾನೆ: ದ್ರೌಪದಿಯ ಮುಡಿ ಎಳೆದದ್ದು, ಮಗು ಅಭಿಮನ್ಯುವನ್ನು ಕೊಂದದ್ದು, ಪಾಂಡವರನ್ನು ಕಾಡಿಗೆ ಅಟ್ಟಿದ್ದು. ಅದರ ಮುಂದೆ ಅವರು ನನಗೆ ಮಾಡಿದ್ದು ಕಡಿಮೆ ಅನ್ನುತ್ತಾನೆ. ರುದ್ರನಾಟಕದಲ್ಲಿ 'ಅರಿವು ಮೂಡುವ ಗಳಿಗೆ' ಎಂದು ಅರಿಸ್ಟಾಟಲ್ ಒಂದನ್ನು ಹೇಳುತ್ತಾನೆ, ಇದು ಅದೇ. ರನ್ನನ ದುರ್ಯೋಧನನಿಗೆ ಈ ಗಳಿಗೆ ಬರುವುದಿಲ್ಲ, ಅವನು ಕೊನೆತನಕ ಬಗ್ಗುವುದಿಲ್ಲ. ಹಾಗಾಗಿ ಗ್ರೀಕ್ ಅಳತೆಗೆ ರನ್ನ ಪೂರ್ತಿ ಒಗ್ಗುವುದಿಲ್ಲ. ಒಗ್ಗಬೇಕು ಅಂತಲೂ ಇಲ್ಲ. ಎಲ್ಲಿ ಒಗ್ಗುವುದಿಲ್ಲ ಎಂದು ಬರೆದರೆ ಅದೇ ಪ್ರಬಂಧದ ಒಳ್ಳೆಯ ಭಾಗ ಆಗುತ್ತದೆ.

ಈ ಗ್ರೀಕ್ ಅಳತೆಗೋಲನ್ನು ಕನ್ನಡಕ್ಕೆ ಗಟ್ಟಿಯಾಗಿ ತಂದವರು ಬಿ.ಎಂ.ಶ್ರೀ. ಮೈಸೂರಿನ ಮಹಾರಾಜ ಕಾಲೇಜಿನಲ್ಲಿ ಇಂಗ್ಲಿಷ್ ಪ್ರೊಫೆಸರ್. 'ರುದ್ರನಾಟಕ' ಅನ್ನುವ ಮಾತನ್ನು ಬಳಕೆಗೆ ತಂದವರೂ ಅವರೇ. ರನ್ನನ ಪದ್ಯಗಳನ್ನೇ ಆಯ್ದು ಜೋಡಿಸಿ 1926ರಲ್ಲಿ 'ಗದಾಯುದ್ಧ ನಾಟಕಂ' ಮಾಡಿದರು. ಅಲ್ಲಿ ದುರ್ಯೋಧನ ಪೂರ್ತಿ ರುದ್ರನಾಯಕ. ಮೂರು ವರ್ಷದ ಮೇಲೆ ಇನ್ನೂ ದೊಡ್ಡ ಸಾಹಸಕ್ಕೆ ಕೈ ಹಾಕಿದರು. ಸೊಫೊಕ್ಲಿಸನ 'ಏಜಾಕ್ಸ್' ನಾಟಕದಲ್ಲಿ ಒಬ್ಬ ಮಹಾವೀರನಿಗೆ ಸಿಗಬೇಕಾದ ಗೌರವ ಬೇರೆಯವನಿಗೆ ಹೋಗುತ್ತದೆ. ಸಿಟ್ಟಿನಲ್ಲಿ ಸೇನಾಪತಿಗಳನ್ನೇ ಕೊಲ್ಲಲು ಹೊರಡುತ್ತಾನೆ. ಅಥೀನೆ ದೇವತೆ ಅವನಿಗೆ ಹುಚ್ಚು ಹಿಡಿಸುತ್ತಾಳೆ. ದನ ಕುರಿಗಳನ್ನು ಶತ್ರುಗಳೆಂದು ತಿಳಿದು ಕಡಿದು ಹಾಕುತ್ತಾನೆ. ಬುದ್ಧಿ ತಿಳಿದಾಗ ಆ ಅವಮಾನ ತಾಳದೆ ಕತ್ತಿಯ ಮೇಲೆ ಬೀಳುತ್ತಾನೆ. ಶ್ರೀ ಈ ಏಜಾಕ್ಸನ ಜಾಗದಲ್ಲಿ ನಮ್ಮ ಅಶ್ವತ್ಥಾಮನನ್ನು ನಿಲ್ಲಿಸಿದರು. ಗ್ರೀಕ್ ನಾಟಕದ ಹಾಗೆ ಮೇಳವನ್ನೂ (ಕೋರಸ್) ಇಟ್ಟರು. ಅದೇ 1929ರ 'ಅಶ್ವತ್ಥಾಮನ್'.

ಜೋಡಿ ಚೆನ್ನಾಗಿದೆ ಅಲ್ವಾ? ಇಬ್ಬರೂ ವೀರರು, ಇಬ್ಬರೂ ರಾತ್ರಿ ಕೊಲೆಗೆ ಹೊರಟವರು. ಆದರೆ ಒಂದು ತೊಡಕು. ಮಹಾಭಾರತದಲ್ಲಿ ಅಶ್ವತ್ಥಾಮ ಸಾಯುವುದೇ ಇಲ್ಲ, ಅವನು ಚಿರಂಜೀವಿ. ಸಾಯಲಾರದೆ ಅಲೆಯುವುದೇ ಅವನಿಗೆ ಸಿಕ್ಕ ಶಾಪ. ಶ್ರೀ ಅವನಿಂದ ಆತ್ಮಹತ್ಯೆ ಮಾಡಿಸಿದರು. ಇದು ಸರಿಯೇ ಅನ್ನುವ ಚರ್ಚೆ ಕನ್ನಡದಲ್ಲಿ ಬಹಳ ನಡೆದಿದೆ. ನನಗೆ ಅನ್ನಿಸುವುದು: ಏಜಾಕ್ಸನ ಕತೆಗೆ ಸಾವು ಬೇಕಿತ್ತು, ವ್ಯಾಸರಿಗೆ ಸಾವಿಗಿಂತ ದೊಡ್ಡ ಶಿಕ್ಷೆ ಬೇಕಿತ್ತು. ಶ್ರೀ ಮೊದಲನೆಯದನ್ನು ಆರಿಸಿಕೊಂಡರು. ಅದರಿಂದ ಅಶ್ವತ್ಥಾಮನಿಗೆ ಘನತೆ ಬಂತು. ಆದರೆ ಮಲಗಿದ್ದ ಮಕ್ಕಳನ್ನು ಕೊಂದವನಿಗೆ ಕೊನೆಯಿಲ್ಲದ ಅಲೆದಾಟ ಕೊಟ್ಟ ಮೂಲದ ಭಯಂಕರ ನ್ಯಾಯ ಕೈತಪ್ಪಿತು. ಬೇರೆ ಥರ ಯೋಚಿಸುವವರೂ ಇದ್ದಾರೆ, ಯೋಚಿಸಲಿ.

ಈಗ ಬರೆಯುವ ವಿಷಯ. ಸಾಮಾನ್ಯವಾಗಿ ಬರುವ ಪ್ಯಾರಾ ಹೀಗಿರುತ್ತದೆ: "ಅಶ್ವತ್ಥಾಮನು ದ್ರೋಣಾಚಾರ್ಯರ ಮಗ. ಅವನು ಮಹಾ ಪರಾಕ್ರಮಿ. ತಂದೆಯ ಸಾವಿನಿಂದ ಕೋಪಗೊಂಡ ಅವನು ಪಾಂಡವರ ಮಕ್ಕಳನ್ನು ಕೊಲ್ಲುತ್ತಾನೆ." ಇದರಲ್ಲಿ ತಪ್ಪಿಲ್ಲ, ಆದರೆ ಪ್ರಬಂಧವೂ ಇಲ್ಲ. ಅದನ್ನೇ ಹೀಗೆ ಬರೆಯಬಹುದು: "ಮಹಾಭಾರತದಲ್ಲಿ ಸಾಯಲಾರದವನನ್ನು ಬಿ.ಎಂ.ಶ್ರೀ. ಸಾಯಿಸುತ್ತಾರೆ. ಈ ಬದಲಾವಣೆಯಿಂದ ಅಪರಾಧಿಯ ಕತೆ ಅವಮಾನಿತನ ಕತೆಯಾಗುತ್ತದೆ." ಎರಡನೆಯದಕ್ಕೆ ಕತೆ ಗೊತ್ತಿದ್ದರೆ ಸಾಲದು, ಕವಿ ಏನು ಬದಲಾಯಿಸಿದ ಎಂದು ಗಮನಿಸಿರಬೇಕು. ಇದನ್ನು ಓದಿದ ಮೇಷ್ಟ್ರು ಒಪ್ಪದಿದ್ದರೂ ಪೆನ್ನು ಕೆಳಗಿಟ್ಟು ಒಂದು ಕ್ಷಣ ಯೋಚಿಸುತ್ತಾರೆ.

ಚಿತ್ರಕಲೆಯ ಮೇಲೆ ಬರೆಯಲು ಕೊಟ್ಟರೂ ಇದೇ ದಾರಿ. ಮೈಸೂರಿನ ಜಗನ್ಮೋಹನ ಅರಮನೆಯಲ್ಲಿ ರವಿವರ್ಮನ 'ಜಟಾಯು ವಧೆ' ಇದೆ. ರಾಮಾಯಣ ಇಡೀ ಕತೆ ಹೇಳಬಲ್ಲದು, ಚಿತ್ರಕ್ಕೆ ಸಿಗುವುದು ಒಂದೇ ಗಳಿಗೆ. ರವಿವರ್ಮ ಆರಿಸಿಕೊಂಡಿದ್ದು ರೆಕ್ಕೆ ಕಡಿದ ಗಳಿಗೆಯನ್ನು. ಸೀತೆ ನೋಡಲಾರದೆ ಮುಖ ಮುಚ್ಚಿಕೊಂಡಿದ್ದಾಳೆ. ಅವಳು ನೋಡುವುದಿಲ್ಲ, ನಮ್ಮನ್ನು ಮಾತ್ರ ನೋಡಿಸುತ್ತಾನೆ. ಯಾಕೆ? ಅದರ ಮೇಲೆ ಒಂದು ಪುಟ ಬರೆಯಬಹುದು. ಸಿನಿಮಾ ಆದರೆ, ಏಟು ಬಿದ್ದಾಗ ಕ್ಯಾಮೆರಾ ಹೊಡೆದವನ ಮುಖದ ಮೇಲಿದೆಯಾ ಬಿದ್ದವನ ಮುಖದ ಮೇಲಿದೆಯಾ ಎಂದು ನೋಡಿಕೊಳ್ಳಿ. ಮತ್ತೆ, ನಾಟಕವನ್ನು ಪುಸ್ತಕದಲ್ಲಷ್ಟೇ ಓದಿ ಬರೆಯಬೇಡಿ. ಮೈಸೂರಿನವರಿಗೆ 1989ರಲ್ಲಿ ಬಿ.ವಿ.ಕಾರಂತರು ಕಟ್ಟಿದ ರಂಗಾಯಣ ಇದೆ, ಬಹುರೂಪಿ ನಾಟಕೋತ್ಸವ ಇದೆ. ಮಂಡ್ಯದವರಿಗೆ ಊರ ಕುರುಕ್ಷೇತ್ರವೇ ಇದೆ.

ಮುಂದಿನ ಸೆಮಿಸ್ಟರ್‌ನಲ್ಲಿ ವಿಷಯ ಹುಡುಕುವವರಿಗೆ ಒಂದು ಸಲಹೆ. ಶ್ರೀಯವರ 1935ರ 'ಪಾರಸಿಕರು' ತೆಗೆದುಕೊಳ್ಳಿ. ಮೂಲ ಈಸ್ಕಿಲಸನದು, ಕ್ರಿಸ್ತಪೂರ್ವ 472ರಲ್ಲಿ ಆಡಿದ್ದು, ನಮಗೆ ಉಳಿದಿರುವ ಗ್ರೀಕ್ ನಾಟಕಗಳಲ್ಲೇ ಹಳೆಯದು. ಅದಕ್ಕೆ ಎಂಟು ವರ್ಷ ಮುಂಚೆ ಸಲಾಮಿಸ್ ಕಡಲ ಯುದ್ಧದಲ್ಲಿ ಗ್ರೀಕರು ಪರ್ಷಿಯದ ದಂಡನ್ನು ಮುಳುಗಿಸಿದ್ದರು. ನಾಟಕ ಬರೆದವನು ಸ್ವತಃ ಪರ್ಷಿಯನ್ನರ ವಿರುದ್ಧ ಮ್ಯಾರಥಾನಿನಲ್ಲಿ ಕಾದಾಡಿದವನು. ಆದರೂ ನಾಟಕ ನಡೆಯುವುದು ಸೋತವರ ಅರಮನೆಯಲ್ಲಿ. ದೂತ ಬಂದು ಸತ್ತ ಪರ್ಷಿಯನ್ನರ ಹೆಸರುಗಳನ್ನು ಒಂದೊಂದಾಗಿ ಹೇಳುತ್ತಾನೆ, ರಾಜಮಾತೆ ಕೇಳಿಸಿಕೊಳ್ಳುತ್ತಾಳೆ, ಕೊನೆಗೆ ರಾಜ ಹರಿದ ಬಟ್ಟೆಯಲ್ಲಿ ಬರುತ್ತಾನೆ. ಗೆದ್ದ ಊರಿನ ಜನ ಕೂತು ಇದನ್ನು ನೋಡಿದರು, ಈಸ್ಕಿಲಸನ ತಂಡಕ್ಕೆ ಮೊದಲ ಬಹುಮಾನವನ್ನೂ ಕೊಟ್ಟರು. ಅಭಿಮನ್ಯುವಿನ ಹೆಣದ ಮುಂದೆ ನಿಂತ ರನ್ನನ ದುರ್ಯೋಧನನನ್ನೂ ಈ ನಾಟಕವನ್ನೂ ಪಕ್ಕಪಕ್ಕ ಇಟ್ಟು ಯಾರಾದರೂ ಬರೆದುಕೊಟ್ಟರೆ ನಾನು ಖುಷಿಯಿಂದ ಓದುತ್ತೇನೆ. ಕತೆ ಮಾತ್ರ ಅರ್ಧ ಪುಟ ಮೀರಬಾರದು.